ತಂಗಿಯ ಕ್ವಾರ್ಟರ್ಸ್

ತಂಗಿಗೆ ಸರ್ಕಾರಿ ಮನೆ ಸಿಕ್ಕಿದ ಸುದ್ದಿ ಬಂದಾಗ ನಾನು ಒಂಬತ್ತನೇ ತರಗತಿಗೆ ಸಮಾಸದ ಪಾಠ ಮುಗಿಸಿ ಸ್ಟಾಫ್ ರೂಮಿನಲ್ಲಿ ಆಗಷ್ಟೇ ಕೂತಿದ್ದೆ. ಫೋನಿನಲ್ಲಿ ಅವಳು ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದಳು.

"ಅಕ್ಕಾ, ಅಲಾಟ್ ಆಯ್ತು ಕಣೇ! ಹೆಬ್ಬಾಳದ ಹತ್ರಾನೇ. ಎರಡು ರೂಮು, ಹಾಲು, ಹಿಂದೆ ಮುಂದೆ ಜಾಗ. ಗೇಟು ಬೇರೆ ಇದೆ!"

"ಒಳ್ಳೇದಾಯ್ತು ಬಿಡು" ಎಂದು ಹೇಳಿ ಫೋನಿಟ್ಟೆ. ಪಕ್ಕದಲ್ಲಿದ್ದ ಗಣಿತದ ಮೇಡಂ ನನ್ನ ಮುಖ ನೋಡಿ, "ಯಾಕ್ರೀ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು.

ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆತನ ಎಂದು ಹೇಳಿಕೊಳ್ಳುವುದಕ್ಕೇನೋ ಸರಿ, ಆದರೆ ಅಪ್ಪನ ಪಾಲಿಗೆ ಬಂದಿದ್ದ ಹೊಲ ನಾವು ಶಾಲೆಗೆ ಹೋಗುವ ಕಾಲಕ್ಕೇ ಕೈಬಿಟ್ಟು ಹೋಗಿತ್ತು. ದೊಡ್ಡಪ್ಪನ ಮಕ್ಕಳು ತಮ್ಮ ಪಾಲಿನಲ್ಲಿ ನಾಲ್ಕಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟರು. ನಾನು ಮದುವೆಯಾದ ಮೇಲೆ ಅದೇ ಊರಿನಲ್ಲಿ ಬೇರೆಯವರ ಮನೆಯ ಬಾಡಿಗೆದಾರಳಾದೆ. ದೊಡ್ಡಪ್ಪನ ಮಕ್ಕಳು ಕಾರಿನಿಂದ ಕೈಬೀಸಿದರೆ ನಾನೂ ಬೀಸುತ್ತಿದ್ದೆ, ಅವರನ್ನು ಕಂಡು ನನಗೆ ಏನೂ ಅನ್ನಿಸುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಒಂದೇ ರಗ್ಗಿನಡಿ ನನ್ನ ಪಕ್ಕ ಮಲಗಿ ಬೆಳೆದವಳನ್ನು ಕಂಡು.

ಅವಳ ಗಂಡ ಒಂದು ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ, ಮಾತು ಮಾತ್ರ ಹಲ್ಲಿನಿಂದ ಆಚೆಗೆ ಬರುವುದಿಲ್ಲ. ನನ್ನ ಗಂಡ ಯಶವಂತಪುರದ ಔಷಧಿ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ನಾನು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡದ ಮೇಡಂ. ದುಡಿಯುವವರು ನಮ್ಮಲ್ಲಿ ಇಬ್ಬರು, ಅವರಲ್ಲಿ ಒಬ್ಬ. ಹಾಗಿದ್ದೂ ಗೇಟಿನ ಮನೆ ಅವಳಿಗೆ ಹೋಯಿತು.

ಮೊದಲ ಸಲ ಆ ಮನೆಗೆ ಹೋದ ದಿನ ಅವಳು ಹಾಲುಕ್ಕಿಸಿದ್ದಳು. ಹಳೆಯ ಕಾಲದ ಒಂಟಿ ಮನೆ. ಗೋಡೆಗೆ ಮಾಸಲು ಹಳದಿ ಸುಣ್ಣ, ಬಾಗಿಲ ಮೇಲೆ ಕಪ್ಪು ಪೇಂಟಿನಲ್ಲಿ ಇಲಾಖೆಯ ಹೆಸರಿನ ಚುಟುಕು ಅಕ್ಷರಗಳು, ನಂಬರು. ಒಳಗೆ ಕೆಂಪು ಗಾರೆ ನೆಲ, ಕಾಲಿಟ್ಟರೆ ತಂಪು. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ತಿರುಗಿಸಿದ ಕೂಡಲೇ ಧಾರೆಯಾಗಿ ಬರುವ ನಲ್ಲಿ. ಮುಂದುಗಡೆ ಒಂದು ಸಂಪಿಗೆ ಮರ.

"ಸರ್ಕಾರದ ಮನೆಗೆ ಯಾರಾದ್ರೂ ಹಾಲುಕ್ಕಿಸ್ತಾರೇನೇ? ನಿಂದಾ ಇದು?" ಎಂದೆ.

"ಇರೋ ತನಕ ನಂದೇ ಅಲ್ವಾ?" ಎಂದು ನಕ್ಕಳು.

ಅಲ್ಲಿಯವರೆಗೆ ಅಮ್ಮ ನನ್ನ ಜೊತೆಗಿದ್ದಳು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ರೂಮು. ಅಮ್ಮ ಹಾಲಿನಲ್ಲಿ ದಿವಾನ್ ಕಾಟಿನ ಮೇಲೆ ಮಲಗುತ್ತಿದ್ದಳು. ನನ್ನ ಮಗ ಟಿವಿ ಹಾಕಿದರೆ ಗೋಡೆಗೆ ಮುಖ ಮಾಡುತ್ತಿದ್ದಳು. ಆ ದಿನ ಅವಳು ಸಂಪಿಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತವಳು ಏಳಲೇ ಇಲ್ಲ. ಸಂಜೆ ಹೊರಡುವಾಗ, "ನಾನಿಲ್ಲೇ ಇರ್ತೀನಿ ಕಣವ್ವ. ನೆಲ ಸಿಗ್ತದೆ ಕಾಲ್ಗೆ" ಎಂದಳು. ನಾಲ್ಕು ಸೀರೆಯ ಬ್ಯಾಗನ್ನು ಮಾರನೆಯ ದಿನ ನಾನೇ ತಂದುಕೊಟ್ಟೆ. ತಂಗಿ ಬ್ಯಾಗು ಇಸಿದುಕೊಳ್ಳುವಾಗ ಅಮ್ಮನಿಗೇ ಒಂದು ರೂಮು ಬಿಟ್ಟುಕೊಟ್ಟಿದ್ದೇನೆ ಎಂದು ತೋರಿಸಿದಳು. ಕಿಟಕಿಗೆ ಪರದೆ ಹಾಕಿದ್ದಳು. ಆ ಪರದೆಯ ಬಟ್ಟೆಯನ್ನು ಇಬ್ಬರೂ ಜೊತೆಗೇ ಆರ್.ಟಿ. ನಗರದ ಅಂಗಡಿಯಲ್ಲಿ ನೋಡಿದ್ದೆವು, ನಾನು ಇಷ್ಟಪಟ್ಟು ಬಿಟ್ಟುಬಂದಿದ್ದೆ.

ಆಮೇಲೆ ಒಂದು ಬೇಸಗೆಯಲ್ಲಿ ನಮ್ಮ ಮನೆ ಮಾಲೀಕರು ಫೋನು ಮಾಡಿದರು. ಅವರು ಊರಿನ ದೊಡ್ಡ ರೈತ ಮನೆತನದವರು, ಈಗ ಬಿಲ್ಡಿಂಗುಗಳ ಮಾಲೀಕರು. ಸಿಟ್ಟಿನ ಮನುಷ್ಯರೇನಲ್ಲ.

"ಟೀಚರಮ್ಮ, ಬೇಜಾರ್ ಮಾಡ್ಕಬ್ಯಾಡಿ. ಮಗನ್ಗೆ ಮದ್ವೆ ಮಾಡ್ತಾ ಇವ್ನಿ. ಮುಂದಿನ್ ತಿಂಗ್ಳು ಮನೆ ಖಾಲಿ ಮಾಡ್ಕೊಡಿ."

"ಅಗ್ರಿಮೆಂಟ್ ಇನ್ನೂ ಮುಗಿದಿಲ್ವಲ್ಲಾ ಯಜಮಾನ್ರೇ."

"ಅಗ್ರಿಮೆಂಟ್ ಏನ್ ಮನೆ ಕಟ್ತಾ? ಕಟ್ಟಿದ್ದು ನಾವು" ಎಂದು ನಕ್ಕು ಫೋನಿಟ್ಟರು.

ನಾವು ಮನೆ ಹುಡುಕುವುದಕ್ಕೆ ತಡಮಾಡಿದೆವು. ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಕೆಳಗಿನ ಮನೆಯಲ್ಲಿ ಇತ್ತು, ಮೇಲಿನ ಮನೆಯಲ್ಲಿ ಇತ್ತು, ನಮ್ಮ ಟ್ಯಾಂಕಿಗೆ ಮಾತ್ರ ಹತ್ತಿರಲಿಲ್ಲ. ಕೇಳಿದರೆ "ವಾಲ್ವು ಕೆಟ್ಟೋಗದೆ, ಪ್ಲಂಬರ್ ಬರ್ಬೇಕು" ಎಂದರು. ಪ್ಲಂಬರ್ ಬರಲಿಲ್ಲ. ನನ್ನ ಗಂಡ ಜಗಳದ ಮನುಷ್ಯರಲ್ಲ. "ಅವರ ಮನೆ, ಅವರು ಬಿಡಿ ಅಂದ್ಮೇಲೆ ಬಿಡ್ಲೇಬೇಕಲ್ವಾ?" ಎಂದರು. ನನಗೂ ಹಾಗೇ ತೋರಿತ್ತು. ನಾನು ಮೇಡಂ ಆಗಿದ್ದೂ ಬಾಡಿಗೆಯವರಿಗೆ ಒಂದು ಕಾನೂನು ಇದ್ದೀತು ಎಂದು ಯೋಚಿಸಲಿಲ್ಲ. ಸ್ಕೂಟರಿನ ಮುಂದೆ ಎರಡು ಕ್ಯಾನು ಇಟ್ಟುಕೊಂಡು ತಂಗಿಯ ಮನೆಗೆ ನೀರಿಗೆ ಹೋದೆ.

ಅವಳು ನಲ್ಲಿ ತಿರುಗಿಸಿ ಪಕ್ಕದಲ್ಲಿ ನಿಂತಳು. ಕ್ಯಾನು ತುಂಬುವ ಸದ್ದು ದಪ್ಪದಿಂದ ಸಣ್ಣಗಾಗುತ್ತಿತ್ತು. ಕಲ್ಲಿನ ಮೇಲೆ ಚೆಲ್ಲಿದ ನೀರು ಮನೆ ಬಳಸಿ ಮುಂದಿನ ಸಂಪಿಗೆ ಮರದ ಬುಡಕ್ಕೆ ಹರಿದುಹೋಗುತ್ತಿತ್ತು.

"ಸಾಕಾ ಅಕ್ಕಾ? ಇನ್ನೊಂದು ಕ್ಯಾನ್ ತರ್ಬೇಕಿತ್ತು ನೀನು. ಓನರ್ ಜೊತೆ ಸ್ವಲ್ಪ ನಯವಾಗಿ ಮಾತಾಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲವೇನೋ."

"ನಿಂಗೇನು, ಓನರ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ" ಎಂದೆ. ಅವಳು ಅದನ್ನು ತಮಾಷೆಯೆಂದುಕೊಂಡು ನಕ್ಕಳು. ನೀರು ತುಂಬಿದ ಕ್ಯಾನು ಎತ್ತಿಕೊಂಡು ಗೇಟು ದಾಟುವಾಗ ಕಣ್ಣಲ್ಲಿ ನೀರು ಬಂತು. ಓನರ್ ಮೇಲಿನ ಸಿಟ್ಟಿಗಲ್ಲ, ಆ ನಲ್ಲಿಯ ಧಾರೆಗೆ.

ನಾವು ಬ್ಯಾಟರಾಯನಪುರದಲ್ಲಿ ಮೊದಲನೇ ಮಹಡಿಯ ಮನೆಯೊಂದಕ್ಕೆ ಹೋದೆವು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ತಂಗಿ ನೋಡಲು ಬಂದು "ಕಾಂಪ್ಯಾಕ್ಟ್ ಆಗಿದೆ" ಎಂದಳು. ಆ ಮಾತನ್ನು ನಾನು ಬಹಳ ಕಾಲ ಮರೆಯಲಿಲ್ಲ.

ಕೆಲವು ವರ್ಷ ಹಾಗೇ ಹೋದವು. ಹಬ್ಬಕ್ಕೆ ಎಲ್ಲರೂ ಅವಳ ಮನೆಯಲ್ಲೇ ಸೇರುತ್ತಿದ್ದೆವು, ಏಕೆಂದರೆ ಜಾಗ ಇದ್ದದ್ದು ಅಲ್ಲಿ. ಒಬ್ಬಟ್ಟಿಗೆ ಹೂರಣ ರುಬ್ಬುವವಳು ನಾನು, ಬಂದವರೆಲ್ಲ ಹೊಗಳುತ್ತಿದ್ದದ್ದು ಅವಳ ಮನೆಯನ್ನು. ಅಮ್ಮ ಯಾರಿಗಾದರೂ ಫೋನು ಮಾಡಿದರೆ "ನಮ್ಮನೇಲಿ" ಎನ್ನುತ್ತಿದ್ದಳು. ನನ್ನ ಜೊತೆಗಿದ್ದಾಗ "ಮಗಳ ಮನೇಲಿ" ಎನ್ನುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

ಒಂದು ಮಳೆಗಾಲ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾನು ಶಾಲೆ ಮುಗಿಸಿ ದಿನಾ ಹೋಗಿ ಅವಳ ಕಾಲಿಗೆ ಎಣ್ಣೆ ತೀಡುತ್ತಿದ್ದೆ. ಒಂದು ಸಂಜೆ ತಂಗಿ ಅಂಗಡಿಗೆ ಹೋಗಿದ್ದಾಗ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಗೌರ್ಮೆಂಟ್‌ನೋರು ಮನೆ ಬುಡಿ ಅಂತವ್ರಂತೆ. ಅಳಿಯನ್ನ ತುಮಕೂರಿಗೆ ಆಕವ್ರೆ. ನಿಂಗೇಳ್ಬ್ಯಾಡ ಅಂದವ್ಳೆ ಇವ್ಳು."

"ಯಾವಾಗ ಹಾಕಿದ್ದು?"

"ಬ್ಯಾಸ್ಗೇಲೆ. ದಿನಾ ರೈಲಲ್ಲಿ ಓಗಿ ಬತ್ತಾ ಅವ್ನೆ ಪಾಪ, ಯಶ್ವಂತ್‌ಪುರಕ್ಕೋಗಿ."

ವರ್ಗವಾದ ಮೇಲೆ ಕೆಲವು ತಿಂಗಳಷ್ಟೇ ಬೆಂಗಳೂರಿನ ಮನೆಯನ್ನು ಇಟ್ಟುಕೊಳ್ಳಬಹುದು, ಆಮೇಲೆ ಬಿಡಬೇಕು, ಅದು ನಿಯಮ. ತಂಗಿಯ ಗಂಡ ಒಮ್ಮೆ ಕೇಳಿ ಅವಧಿ ಹೆಚ್ಚಿಸಿಕೊಂಡಿದ್ದ. ಎರಡನೇ ಸಲ ಕೇಳಿದ್ದಕ್ಕೆ ಉತ್ತರವೇ ಬಂದಿರಲಿಲ್ಲ. ಅವರ ಮಗಳು ಎರಡನೇ ಪಿಯುಸಿ, ಮನೆಯಲ್ಲಿ ಎದ್ದು ಓಡಾಡಲಾಗದ ಅತ್ತೆ. ಹಾಗಾಗಿ ಸುಮ್ಮನೆ ಉಳಿದುಕೊಂಡಿದ್ದರು. ಇಷ್ಟೂ ನನಗೆ ತಿಳಿಯದಂತೆ ಅವಳು ನಗುನಗುತ್ತಾ ಕಾಫಿ ಕೊಡುತ್ತಿದ್ದಳು.

ಆ ಸಂಜೆ ಬಸ್ಸಿನಿಂದ ಇಳಿದವಳು ಹೂವಿನವಳ ಹತ್ತಿರ ನಿಂತು ಮಲ್ಲಿಗೆ ಕೊಂಡೆ. ಅಲ್ಲೇ ಮುಡಿದುಕೊಂಡೆ. ಹಬ್ಬವಿಲ್ಲ, ಶುಕ್ರವಾರವೂ ಅಲ್ಲ. ನನ್ನ ಗಂಡ ಬಾಗಿಲು ತೆಗೆದು, "ಏನ್ ಸಮಾಚಾರ, ಹೂವು?" ಎಂದರು. "ಸುಮ್ನೆ" ಎಂದೆ. ಅನ್ನಕ್ಕಿಡುವಾಗ ನನಗೇ ತಿಳಿಯದೆ ಏನೋ ಗುನುಗುತ್ತಿದ್ದೆ.

ಸ್ವಲ್ಪ ದಿನಕ್ಕೆ ತಂಗಿ ನಮ್ಮ ಮೆಟ್ಟಿಲು ಹತ್ತಿ ಬಂದಳು. ಕುಕ್ಕರಿನ ಸದ್ದಿಗೂ ಬೆಚ್ಚುವ ಹಾಗಿದ್ದಳು. ಬ್ಯಾಗಿನಿಂದ ಒಂದು ನೋಟಿಸು ತೆಗೆದು ನನ್ನ ಮುಂದಿಟ್ಟಳು.

"ಬಾಗಿಲಿಗೆ ಅಂಟಿಸಿ ಹೋಗಿದಾರೆ ಅಕ್ಕಾ. ಪಕ್ಕದ ಕ್ವಾರ್ಟರ್ಸ್‌ನವರೆಲ್ಲ ಓದಿದ್ಮೇಲೆ ನಾನು ನೋಡಿದ್ದು. ಇವರಿಗೆ ಇದಕ್ಕೆಲ್ಲ ಬರೆಯೋಕ್ಕೆ ಬರಲ್ಲ. ನೀನು ಉತ್ತರ ಬರ್ಕೊಡ್ತೀಯಾ?"

ನಾನು ಓದಿದೆ. ನಿಮ್ಮನ್ನು ಅನಧಿಕೃತ ನಿವಾಸಿಯೆಂದು ಪರಿಗಣಿಸಿ ಏಕೆ ತೆರವುಗೊಳಿಸಬಾರದು ಎಂಬುದಕ್ಕೆ ಕಾರಣ ತೋರಿಸಿ ಎಂದಿತ್ತು. ತಾವು ಲಿಖಿತವಾಗಿ ಉತ್ತರ ಕೊಡಬಹುದು, ಖುದ್ದಾಗಿ ಹಾಜರಾಗಿ ಹೇಳಿಕೊಳ್ಳಲು ತಮಗೆ ಅವಕಾಶವಿದೆ ಎಂದೂ ಇತ್ತು. ಅವಳು ಅಳುತ್ತಿದ್ದಳು. ನಾನು ಮತ್ತೆ ಮತ್ತೆ ಓದುತ್ತಿದ್ದೆ. ತಾವು, ತಮಗೆ, ಅವಕಾಶ. ನನಗೆ ಬಂದದ್ದು ನಗುತ್ತಾ ಮಾಡಿದ ಒಂದು ಫೋನು, ಆಮೇಲೆ ಖಾಲಿ ನಲ್ಲಿ. ಇವಳನ್ನು ಮನೆಯಿಂದ ಹೊರಗೆ ಹಾಕುವುದಕ್ಕೂ ಸರ್ಕಾರ ಬಹುವಚನದಲ್ಲಿ ಮಾತಾಡಿಸಿ, ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಿತ್ತು.

"ಏನಾಯ್ತು, ಅಷ್ಟು ಕೆಟ್ಟದಾಗಿದೆಯಾ?" ಎಂದು ಕೇಳಿದಳು.

"ಬಹಳ ಮರ್ಯಾದೆಯಾಗಿದೆ" ಎಂದೆ.

ಉತ್ತರ ಬರೆಯುವ ಮುಂಚೆ ವಕೀಲರನ್ನು ಕೇಳೋಣ ಎಂದು ಇಬ್ಬರೂ ಆರ್.ಟಿ. ನಗರಕ್ಕೆ ಹೋದೆವು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಅಲ್ಲಿ ವಕೀಲಿ ಮಾಡುತ್ತಿದ್ದರು. ಬೇಕರಿಯ ಮೇಲಿನ ಚಿಕ್ಕ ಆಫೀಸು. ಬಿಸಿ ಬನ್ನಿನ ವಾಸನೆ ಮೆಟ್ಟಿಲ ತುಂಬ ಇತ್ತು. ಅವರು ನೋಟಿಸು ಓದಿ ಕನ್ನಡಕ ತೆಗೆದು ತಂಗಿಯ ಕಡೆ ತಿರುಗಿದರು.

"ನೋಡಮ್ಮ, ಸುಳ್ಳು ಹೇಳಿ ಆಸೆ ಹುಟ್ಟಿಸಲ್ಲ. ವರ್ಗ ಆದ್ಮೇಲೆ ಈ ಮನೆ ಮೇಲೆ ನಿಮಗೆ ಹಕ್ಕಿಲ್ಲ. ಒಂದಲ್ಲ ಒಂದು ದಿನ ಬಿಡಬೇಕು. ಆದರೆ ಇವರು ಬಂದು ಸಾಮಾನು ಎತ್ತಿ ಹೊರಗೆ ಹಾಕೋ ಹಾಗಿಲ್ಲ. ಮೊದಲು ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ಆಮೇಲೆ ಕಾರಣ ಬರೆದು ಆದೇಶ ಮಾಡಬೇಕು. ಆ ಆದೇಶ ತಪ್ಪು ಅನ್ಸಿದ್ರೆ ಜಿಲ್ಲಾ ನ್ಯಾಯಾಧೀಶರ ಹತ್ರ ಅಪೀಲು ಹಾಕಬಹುದು. ಮಗಳ ಪರೀಕ್ಷೆ, ತಾಯಿಯ ಆಪರೇಷನ್ ಎರಡನ್ನೂ ಬರೀರಿ, ದಾಖಲೆ ಇಡಿ, ಟೈಮ್ ಕೇಳಿ. ಮನೆ ಕೇಳಬೇಡಿ, ಟೈಮ್ ಕೇಳಿ."

ತಂಗಿ ತಲೆಯಾಡಿಸಿದಳು. ಎದ್ದು ಹೊರಡುವಾಗ ನನಗೆ ತಡೆಯಲಾಗಲಿಲ್ಲ.

"ಮೇಡಂ, ಬಾಡಿಗೆ ಮನೆ ಓನರ್ ಖಾಲಿ ಮಾಡಿಸೋಕ್ಕೆ ನೀರು ನಿಲ್ಲಿಸಿದ್ರೆ?"

"ನಿಲ್ಲಿಸೋ ಹಾಗಿಲ್ಲ. ನೀರು, ಕರೆಂಟು ಯಾವುದನ್ನೂ ತಡೆಯೋ ಹಾಗಿಲ್ಲ. ಬಾಡಿಗೆದಾರರು ಬಿಡಲ್ಲ ಅಂದ್ರೆ ಓನರ್ ಕೋರ್ಟಿಗೆ ಹೋಗಬೇಕು, ತಾನೇ ಹೊರಗೆ ಹಾಕೋ ಹಾಗಿಲ್ಲ. ಯಾರಿಗೆ ಹೀಗಾಗಿರೋದು?"

"ನಮ್ಮ ಪರಿಚಯದವರಿಗೆ. ಈಗ ಮುಗಿದೋಯ್ತು."

"ಅವಾಗಲೇ ಬಂದಿದ್ರೆ ಒಂದು ಅರ್ಜಿ ಹಾಕಿ ನೀರು ಬಿಡಿಸಬಹುದಿತ್ತು" ಎಂದರು ವಕೀಲೆ.

ತಂಗಿ ನನ್ನ ಮುಖ ನೋಡಿದಳು. ಮೆಟ್ಟಿಲಿಳಿದು ಬೇಕರಿಯ ಮುಂದೆ ನಿಂತು ಅವಳು ನನಗೂ ಸೇರಿಸಿ ಎರಡು ಬನ್ನು ತೆಗೆದುಕೊಂಡಳು. ನನಗೆ ತಿನ್ನುವುದಕ್ಕಾಗಲಿಲ್ಲ. ಅವಳಿಗೆ ಕಾನೂನು ಬೇಕಾದ ಹೊತ್ತಿಗೇ ತಿಳಿಯಿತು. ನನಗೆ, ಬೇಡವಾದ ಮೇಲೆ.

ಉತ್ತರ ಬರೆದವಳು ನಾನೇ. ಚೆನ್ನಾಗಿಯೇ ಬರೆದೆ. ಅಮ್ಮನ ಸೊಂಟ, ಹುಡುಗಿಯ ಪರೀಕ್ಷೆ, ತಂಗಿಯ ಗಂಡನ ದಿನನಿತ್ಯದ ರೈಲು, ಎಲ್ಲವನ್ನೂ ಒಂದು ಮಾತು ಹೆಚ್ಚಿಲ್ಲದಂತೆ ಬರೆದೆ. "ಸದರಿ ವಸತಿಗೃಹ" ಎಂದು ಬರೆಯುವಾಗೆಲ್ಲ ಪೆನ್ನು ಸ್ವಲ್ಪ ನಿಲ್ಲುತ್ತಿತ್ತು. ನಾನು ಇಷ್ಟು ವರ್ಷ ಬಯಸಿದ ಮನೆಯನ್ನು ಅವಳಿಗೇ ಇನ್ನಷ್ಟು ದಿನ ಕೊಡಿ ಎಂದು ನನ್ನ ಕೈಯಿಂದಲೇ ಕೇಳುತ್ತಿದ್ದೆ.

ವಿಚಾರಣೆಗೆ ಇನ್ನೂ ದಿನವಿತ್ತು. ದಸರಾ ರಜೆ, ನಾನು ಬೆಳಿಗ್ಗೆಯೇ ಅಮ್ಮನನ್ನು ನೋಡಿಕೊಳ್ಳಲು ಹೋಗಿದ್ದೆ. ತಂಗಿಯ ಗಂಡ ತುಮಕೂರಿನಲ್ಲಿ, ಹುಡುಗಿ ಟ್ಯೂಷನ್ನಿನಲ್ಲಿ. ಗೇಟಿನ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಮೂವರು ಇಳಿದರು. ಇಬ್ಬರು ಕೂಲಿಯವರು, ಒಬ್ಬನ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹೊಸ ಬೀಗ.

"ಏನಮ್ಮಾ, ಇನ್ನೂ ಸಾಮಾನು ತೆಗ್ದಿಲ್ವಾ?" ಎಂದು ಅವನು ನೇರವಾಗಿ ಒಳಗೆ ಬರುವುದಕ್ಕೆ ನೋಡಿದ. "ಬೇರೆಯವರಿಗೆ ಅಲಾಟ್ ಆಗಿದೆ. ಇವತ್ತು ಬೀಗ ಹಾಕಿ ಅಂತ ಸಾಹೇಬ್ರು ಹೇಳಿದಾರೆ. ಆಟೋ ನಾವೇ ತಂದಿದೀವಿ, ಎಲ್ಲಿಗೆ ಹೇಳ್ತೀರೋ ಅಲ್ಲಿಗೆ ಇಳಿಸ್ತೀವಿ."

ತಂಗಿ ಗೋಡೆಗೆ ಅಂಟಿಕೊಂಡಂತೆ ನಿಂತುಬಿಟ್ಟಳು. "ಸಾರ್, ಇವರು ಬರೋ ತನಕ ಆದ್ರೂ..." ಎಂದು ಬೇಡುತ್ತಿದ್ದಳು. ಕೂಲಿಯವನೊಬ್ಬ ಹೊರಗಿದ್ದ ಅಮ್ಮನ ಕುರ್ಚಿಯನ್ನು ಎತ್ತಿ ಆಟೋಗೆ ಇಟ್ಟ.

ಅದನ್ನು ನೋಡಿದ್ದೇ ನನಗೆ ಏನಾಯಿತೋ. ಬಾಗಿಲ ನಡುವೆ ಹೋಗಿ ಎರಡೂ ಕಡೆ ಕೈ ಕೊಟ್ಟು ನಿಂತೆ.

"ಆದೇಶ ಎಲ್ಲಿ?"

"ಏನ್ ಆದೇಶ ಮೇಡಂ? ಸಾಹೇಬ್ರು ಬಾಯಲ್ಲಿ ಹೇಳಿದಾರೆ."

"ಬಾಯಲ್ಲಿ ಹೇಳಿದ್ದು ಬಾಯಲ್ಲೇ ಇರ್ಲಿ. ವಿಚಾರಣೆಗೆ ಬನ್ನಿ ಅಂತ ನೋಟಿಸ್ ಕೊಟ್ಟಿರೋರು ನೀವೇ. ವಿಚಾರಣೆ ಇನ್ನೂ ಆಗಿಲ್ಲ. ಬರೆದಿರೋ ಆದೇಶ ತೋರ್ಸಿ, ನಾನೇ ಸಾಮಾನು ಎತ್ತಿ ಕೊಡ್ತೀನಿ. ಇಲ್ಲಾಂದ್ರೆ ಆ ಕುರ್ಚಿ ಕೆಳಗಿಳ್ಸಿ."

"ಇದು ಸರ್ಕಾರದ ಮನೆ ಮೇಡಂ, ನಿಮ್ದಲ್ಲ."

"ನಂದಲ್ಲ ಅಂತ ನಂಗೆ ನಿಮಗಿಂತ ಚೆನ್ನಾಗಿ ಗೊತ್ತು!" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ತರಗತಿಯಲ್ಲೂ ಕೂಗಿದವಳಲ್ಲ. "ಒಳಗೆ ಸೊಂಟ ಮುರಿದಿರೋ ಮುದುಕಿ ಮಲಗಿದಾಳೆ. ಅವಳನ್ನ ಮುಟ್ಟಿ ನೋಡಿ. ನಾನು ಪೊಲೀಸ್‌ಗೂ ಫೋನ್ ಮಾಡ್ತೀನಿ, ವಕೀಲರಿಗೂ ಮಾಡ್ತೀನಿ. ನಿಮ್ಮ ಹೆಸರು ಹೇಳಿ, ಬರ್ಕೋತೀನಿ."

ಅಕ್ಕಪಕ್ಕದ ಕ್ವಾರ್ಟರ್ಸ್‌ಗಳ ಹೆಂಗಸರು ಗೇಟಿನ ಹತ್ತಿರ ಬಂದು ನಿಂತರು. ಅವನು ಫೋನು ತೆಗೆದು ದೂರ ಹೋಗಿ ಯಾರ ಜೊತೆಗೋ ಮಾತಾಡಿದ. ತಿರುಗಿ ಬಂದಾಗ ಬೀಗ ಜೇಬಿನೊಳಗಿತ್ತು. "ಆಯ್ತು ಬಿಡಿ ಮೇಡಂ, ಆರ್ಡರ್ ತಗೊಂಡೇ ಬರ್ತೀವಿ" ಎಂದ. ಕುರ್ಚಿ ಇಳಿಸಿ ಆಟೋ ತಿರುಗಿಸಿಕೊಂಡು ಹೋದರು.

ತಂಗಿ ಬಂದು ಹಿಂದಿನಿಂದ ತಬ್ಬಿಕೊಂಡಳು. ಒಳಗಿಂದ ಅಮ್ಮ ಕರೆದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಇಂಗೆ ಬಾಯಿ ಮಾಡೋಳು, ನಿನ್ ಮನೆ ಬುಡಿಸ್ದಾಗ ಎಲ್ಲೋಗಿದ್ದೆ?"

"ಅವಾಗ ಗೊತ್ತಿರ್ಲಿಲ್ಲ ಅಮ್ಮ."

"ಗೊತ್ತಿದ್ರೆ ಬುಡ್ತಿರ್ನಿಲ್ಲ ಬುಡು ನೀನು" ಎಂದಳು. ನನ್ನ ಜೀವಮಾನದಲ್ಲಿ ಅಮ್ಮ ಹಾಗೆ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ತಂಗಿಯ ಮನೆಯನ್ನು ಉಳಿಸಿದ್ದಕ್ಕೆ.

ವಿಚಾರಣೆಯ ದಿನ ನಾನೂ ಹೋದೆ. ಒಬ್ಬ ಅಧಿಕಾರಿ, ಮೇಜಿನ ಮೇಲೆ ಫೈಲುಗಳು, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು. ನ್ಯಾಯಾಲಯದ ಹಾಗಿರುತ್ತದೆ ಎಂದುಕೊಂಡಿದ್ದೆ, ಹಾಗೇನೂ ಇರಲಿಲ್ಲ. ತಂಗಿ ಮತ್ತು ಅವಳ ಗಂಡ ಒಳಗೆ ಹೋಗುತ್ತಲೇ ಅಧಿಕಾರಿ "ಕೂತ್ಕೊಳ್ಳಿ" ಎಂದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಉತ್ತರವನ್ನು ಓದಿ, "ಯಾರು ಬರೆದದ್ದು? ಸ್ಪಷ್ಟವಾಗಿದೆ" ಎಂದರು. ತಂಗಿಯ ಗಂಡ, "ನಾನೇ ಸಾರ್" ಎಂದುಬಿಟ್ಟ. ಹೆದರಿಕೆಗೆ ಹಾಗೆ ಹೇಳಿದ, ನನಗೆ ಗೊತ್ತು. ಆದರೂ ಆ ಒಂದು ಮಾತೂ ನನ್ನ ಪಾಲಿಗೆ ಬರಲಿಲ್ಲವಲ್ಲ ಎನ್ನಿಸಿತು. ಇಲಾಖೆಯವರು ಮನೆಗಾಗಿ ಎಷ್ಟೋ ಜನ ಕಾಯುತ್ತಿದ್ದಾರೆ ಎಂದರು, ಅದೂ ನಿಜವೇ. ಆದೇಶಕ್ಕೆ ಮುಂಚೆ ಬೀಗ ಹಿಡಿದು ಬಂದದ್ದನ್ನು ತಂಗಿ ಹೇಳಿದಾಗ ಅಧಿಕಾರಿ ಮುಖ ಗಂಟಿಕ್ಕಿ, ಇನ್ನು ಹಾಗೆ ಮಾಡಕೂಡದು ಎಂದು ಇಲಾಖೆಯವರಿಗೆ ಹೇಳಿದರು.

ಆದೇಶ ಲಿಖಿತವಾಗಿಯೇ ಬಂತು. ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ಇರಬಹುದು, ಅದಾದ ಮೇಲೆ ಮನೆ ಒಪ್ಪಿಸಬೇಕು. ಅಪೀಲು ಹಾಕುವುದು ಬೇಡ, ಕೇಳಿದ್ದು ಸಿಕ್ಕಿದೆ ಎಂದರು ವಕೀಲೆ.

ಬೇಸಗೆಯಲ್ಲಿ ಅವರು ಮನೆ ಖಾಲಿ ಮಾಡಿದರು. ತುಮಕೂರಿನಲ್ಲಿ ಬಾಡಿಗೆ ಮನೆ ನೋಡಿದ್ದರು. ಅಮ್ಮನಿಗೆ ಪ್ರಯಾಣ ಬೇಡ, ತೋರಿಸುವ ಡಾಕ್ಟರು ಇಲ್ಲೇ ಇದ್ದಾರೆ, ಹಾಗಾಗಿ ಅವಳು ನನ್ನ ಜೊತೆ ಇರುವುದು ಎಂದು ತೀರ್ಮಾನವಾಯಿತು. ನಾನು ಹುಡುಕಿ ಅಲ್ಲಾಳಸಂದ್ರದಲ್ಲಿ ಕೆರೆಯಿಂದ ನಡೆದುಹೋಗುವಷ್ಟು ದೂರದಲ್ಲಿ ನೆಲಮಹಡಿಯ ಮನೆ ಹಿಡಿದಿದ್ದೆ, ಅಮ್ಮನಿಗೊಂದು ರೂಮು ಇರಲಿ ಎಂದು.

ಲಾರಿಗೆ ಸಾಮಾನು ಹತ್ತಿಸಿದ ಮೇಲೆ ತಂಗಿ ಖಾಲಿ ಅಡುಗೆಮನೆಯಲ್ಲಿ ಕೂತಿದ್ದಳು. ಸಮಾಧಾನ ಮಾಡಲೆಂದು, "ಬಾಡಿಗೆ ಮನೆ ಅಂದ್ರೆ ಏನೂ ಅಲ್ಲ ಕಣೆ, ನಾನು ಇಷ್ಟು ವರ್ಷ ಇರ್ಲಿಲ್ವಾ?" ಎಂದೆ.

ಅವಳು ಥಟ್ಟನೆ ತಿರುಗಿದಳು. "ನಿಂಗೇನು ಗೊತ್ತು? ನಿಂಗೆ ಹೋಗು ಅಂದ್ರೆ ಪಕ್ಕದ ಬೀದಿಗೆ ಹೋಗ್ತೀಯ. ಅದೇ ಊರು, ಅದೇ ಸ್ಕೂಲು, ಅದೇ ತರಕಾರಿಯವನು. ನಂಗೆ ಊರೇ ಬಿಡು ಅಂತಿದಾರೆ. ಈಗ ಅಮ್ಮನೂ ನಿನ್ನ ಹತ್ರಾನೇ."

ಬೀಗದ ಕೈ ಒಪ್ಪಿಸುವಾಗ ಗಂಡನ ಪರವಾಗಿ ಸಹಿ ಮಾಡಿದವಳು ಅವಳೇ, ಅವನು ಲಾರಿಯ ಹತ್ತಿರ ನಿಂತಿದ್ದ.

ಅಮ್ಮ ನನ್ನ ಮನೆಗೆ ಬಂದಳು. ರೂಮು ನೋಡಿ "ಪರ್ವಾಗಿಲ್ಲ" ಎಂದಳು. ದಿನಾ ಸಂಜೆ ತುಮಕೂರಿಗೆ ಫೋನು ಹಚ್ಚಿಸಿಕೊಂಡು ಒಂದು ಗಂಟೆ ಮಾತಾಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರೂ "ಇಲ್ಲೇನೈತೆ ಮಾತಾಡಕ್ಕೆ" ಎನ್ನುತ್ತಿದ್ದಳು. ನನಗೆ ಬೇಕಾದದ್ದು ಬಂದಿತ್ತು, ಅದರ ಮುಖ ಮಾತ್ರ ಬೇರೆ ಕಡೆಗಿತ್ತು.

ಒಂದು ವರ್ಷ ತುಂಬುವ ಮುಂಚೆಯೇ ಈ ಹೊಸ ಮನೆಯ ಮಾಲಕಿ ಬಂದು ಬಾಗಿಲಲ್ಲಿ ನಿಂತರು. ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿರಬೇಕು.

"ಮೇಡಂ, ನೆಂಟರು ಬರ್ತಾ ಇದಾರೆ. ಈ ತಿಂಗಳ ಕೊನೆಗೆ ಬಿಟ್ಟುಕೊಡ್ತೀರಾ?"

ಎದೆ ಹಳೆಯ ಹಾಗೇ ಧಸಕ್ಕೆಂದಿತು. ಆದರೆ ನಾಲಿಗೆ ಹಳೆಯದಾಗಿರಲಿಲ್ಲ. "ಒಳಗೆ ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀರಿ" ಎಂದೆ. ಅವರು ಕೂತ ಮೇಲೆ ಹೇಳಿದೆ: "ಅಗ್ರಿಮೆಂಟಿನ ಪ್ರಕಾರ ಎರಡು ತಿಂಗಳ ಮುಂಚೆ ಬರವಣಿಗೇಲಿ ನೋಟಿಸ್ ಕೊಡ್ಬೇಕು ಕಣ್ರೀ. ನೀವು ಕೊಡಿ. ನಾನು ತಗೋತೀನಿ. ಆದ್ರೆ ಅಮ್ಮ ನಡೆಯೋ ಸ್ಥಿತೀಲಿಲ್ಲ, ಸ್ಕೂಲಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡ್ಸೋ ಕಾಲ. ಈ ವರ್ಷದ ಶಾಲೆ ಮುಗಿಯೋ ತನಕ ಟೈಮ್ ಕೊಟ್ರೆ ಸರಿ. ಇಲ್ಲ, ಕೋರ್ಟಿಗೆ ಹೋಗ್ತೀನಿ ಅಂದ್ರೆ ಅದೂ ಸರಿ, ನಾನೂ ಬರ್ತೀನಿ."

ಅವರು ಕಾಫಿ ಲೋಟವನ್ನು ಒಂದೆರಡು ಸಲ ತಿರುಗಿಸಿದರು. "ಅಯ್ಯೋ ಕೋರ್ಟು ಯಾಕೆ ಮೇಡಂ, ಶಾಲೆ ಮುಗೀಲಿ ಬಿಡಿ" ಎಂದು ಎದ್ದರು. ನೀರು ನಿಲ್ಲಲಿಲ್ಲ. ಶಾಲೆ ಮುಗಿಯುವ ಹೊತ್ತಿಗೆ ಅವರ ನೆಂಟರ ಮಾತೇ ನಿಂತುಹೋಯಿತು. ನಾವು ಈಗಲೂ ಅಲ್ಲೇ ಇದ್ದೇವೆ.

ಮಾಲಕಿ ಬಂದುಹೋದ ದಿನ ಸಂಜೆ ಅಮ್ಮನ ಫೋನಿನ ಸರದಿಗೆ ಮುಂಚೆ ನಾನೇ ತಂಗಿಗೆ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ ನನ್ನ ದನಿ ಎತ್ತರವಾಗಿದ್ದದ್ದು ನನಗೇ ಕೇಳುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳೆಂದಳು:

"ನಮ್ಮ ಓನರ್ ಹೋದ ವಾರ ಬಾಡಿಗೆ ಜಾಸ್ತಿ ಮಾಡ್ದ ಅಕ್ಕಾ. ನಾನು ಸರಿ ಅಂದ್ಬಿಟ್ಟೆ. ನಿಂಗೇನಪ್ಪಾ, ಬಾಯಿ ಇದೆ, ಧೈರ್ಯ ಇದೆ. ಅಮ್ಮ ಬೇರೆ ಜೊತೇಲಿದಾಳೆ."

ಆ ದನಿ ನನಗೆ ಬಹಳ ಪರಿಚಯದ್ದು. ಇಷ್ಟು ವರ್ಷ ನನ್ನ ಗಂಟಲಿನಿಂದ ಬರುತ್ತಿದ್ದದ್ದು ಅದೇ. "ಅಗ್ರಿಮೆಂಟ್ ಫೋಟೋ ತೆಗೆದು ಕಳ್ಸು, ನೋಡ್ತೀನಿ" ಎಂದೆ. ಒಳಗಿಂದ ಅಮ್ಮ ಫೋನು ತಾ ಎಂದು ಕೂಗುತ್ತಿದ್ದಳು. ನಾನು ಇನ್ನೂ ಸ್ವಲ್ಪ ಹೊತ್ತು ಕೊಡಲಿಲ್ಲ.